ಗೇಟಜ್ಜಿಯ ಹುಬ್ಬು

ನಮ್ಮತ್ತೆಯ ಮುಖವನ್ನು ಈಗ ಎಷ್ಟು ಜನ ನೋಡಿದ್ದಾರೋ ಲೆಕ್ಕ ಇಟ್ಟವರಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು, ಹಾಲಿನ ಅಂಗಡಿಯವನು, ನನ್ನ ಗಂಡ ಕೆಲಸ ಮಾಡುವ ಗೋದಾಮಿನಲ್ಲಿ ಲಾರಿಗೆ ಸರಕು ತುಂಬುವವರು, ಎಲ್ಲರಿಗೂ ಆ ಮುಖ ಗೊತ್ತು. ಬಾಯಿ ಅರ್ಧ ತೆರೆದಿದೆ, ಒಂದು ಕಣ್ಣು ಮುಚ್ಚಿದೆ, ಕತ್ತಿನ ನರ ಉಬ್ಬಿದೆ, ಮುಂದೆ ಚಾಚಿದ ಕೈ ಮುಖಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದರ ಕೆಳಗೆ ಯಾರೋ ದಪ್ಪ ಅಕ್ಷರದಲ್ಲಿ "ಇಂಥವರ ಕೈಯಲ್ಲಿ ನಿಮ್ಮ ಮಕ್ಕಳು" ಎಂದು ಬರೆದಿದ್ದಾರೆ. ನೋಡಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ಅತ್ತೆಯ ಮುಖದ ಬಗ್ಗೆ ದೂರು ಹೇಳುವ ಹಕ್ಕು ಈ ಭೂಮಿಯ ಮೇಲೆ ಯಾರಿಗಾದರೂ ಇದ್ದರೆ ಅದು ನನಗೆ. ಮದುವೆಯಾದ ದಿನದಿಂದ ಆ ಮುಖದ ಜೊತೆ ಏಗಿದವಳು ನಾನು.

ಮುಚ್ಚುಮರೆ ಯಾಕೆ, ಮನೆಯಲ್ಲಿ ನಮ್ಮತ್ತೆಯದು ಸಿಡುಕು ಮೋರೆ. ಬಾಯಿಬಿಟ್ಟು ಬೈಯುವವರಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗಬಹುದಿತ್ತು. ಅವರದೆಲ್ಲ ಮುಖದಲ್ಲೇ. ನಾನು ಒಣಹಾಕಿದ ಬಟ್ಟೆಯ ಮುಂದೆ ನಿಂತು ಹಣೆ ಸುಕ್ಕು ಮಾಡಿದರೆ ಸಾಕು, ಎಲ್ಲವನ್ನೂ ತೆಗೆದು ಕೊಡವಿ ಮತ್ತೆ ಹಾಕಬೇಕು. ನನ್ನ ತವರಿನವರು ಬಂದರೆ ತುಟಿ ಒಳಗೆ ಹೋಗುತ್ತದೆ. ಫೋನಿನಲ್ಲಿ ಸ್ವಲ್ಪ ಹೆಚ್ಚು ಹೊತ್ತು ಮಾತಾಡಿದರೆ ಮೂಗಿನ ಹೊಳ್ಳೆ ಅಗಲವಾಗುತ್ತದೆ. "ಏನಾಯ್ತು ಅತ್ತೆ?" ಅಂದರೆ "ನಾನೇನಂದೆ?" ಅನ್ನುತ್ತಾರೆ. ನಿಜವೇ, ಅವರು ಏನೂ ಅಂದಿರುವುದಿಲ್ಲ. ಗಂಡನ ಹತ್ತಿರ ಹೇಳಿಕೊಂಡರೆ "ಅಮ್ಮನ ಮುಖ ಇರೋದೇ ಹಾಗೆ" ಅಂತ ಕೈತೊಳೆದುಕೊಳ್ಳುತ್ತಾರೆ. ಇರುವುದೇ ಹಾಗಲ್ಲ ಅನ್ನುವುದು ನನಗೆ ಗೊತ್ತಾದದ್ದು ಅವರು ಕೆಲಸ ಮಾಡುತ್ತಿದ್ದ ಮಕ್ಕಳ ಮನೆಗೆ ನಾನೂ ಸೇರಿದ ಮೇಲೆ.

ಕೆಲಸಕ್ಕೆ ಹೋಗುವ ತಂದೆತಾಯಿಗಳು ಬೆಳಿಗ್ಗೆ ಸಣ್ಣ ಮಕ್ಕಳನ್ನು ಬಿಟ್ಟು ಸಂಜೆ ಬಂದು ಕರೆದುಕೊಂಡು ಹೋಗುವ ಜಾಗ ಅದು. ಎರಡು ಅಂಗಡಿಗಳ ನಡುವೆ ಉದ್ದಕ್ಕೆ ಹೋಗುವ ಹಳೇ ಕಟ್ಟಡ. ಮುಂದೆ ಕಬ್ಬಿಣದ ಗೇಟು, ಗೇಟಿನೊಳಗೆ ತಗಡಿನ ಮಾಡಿನ ಜಗಲಿ, ಆಮೇಲೆ ಆಟದ ಕೋಣೆ, ಮಲಗುವ ಕೋಣೆ, ಎಲ್ಲಕ್ಕಿಂತ ಹಿಂದೆ ಬಟ್ಟೆ ಒಗೆಯುವ ಜಾಗ. ಅಡುಗೆಮನೆ ಮಾತ್ರ ಮುಂದೆ ಇದೆ, ಅದರ ಕಿಟಕಿ ಜಗಲಿಗೆ ತೆರೆಯುತ್ತದೆ. ಹಾಲು ಬಿಸಿ ಮಾಡುವುದು, ಹಣ್ಣು ಹೆಚ್ಚುವುದು, ಬಾಟಲಿ ಕುದಿಸುವುದು ನನ್ನ ಕೆಲಸ. ಮಾವ ತೀರಿಕೊಂಡ ವರ್ಷವೇ ಅತ್ತೆ ಅಲ್ಲಿ ಗೇಟು ಕಾಯಲು ಸೇರಿದ್ದರು. ಮಕ್ಕಳೆಲ್ಲ ಅವರನ್ನು ಗೇಟಜ್ಜಿ ಅನ್ನುತ್ತಿದ್ದರು.

ಗೇಟು ಕಾಯುವುದೆಂದರೆ ಕೋಲು ಹಿಡಿದು ನಿಲ್ಲುವುದಲ್ಲ, ಸಂಜೆ ಪ್ರತಿ ಮಗುವನ್ನೂ ಸರಿಯಾದವರ ಕೈಗೆ ಒಪ್ಪಿಸುವುದು. ಆ ಹೊತ್ತಿನ ರಂಪ ನೋಡದವರಿಗೆ ಅದು ಅರ್ಥವಾಗುವುದಿಲ್ಲ. ಮಕ್ಕಳು ಗೇಟಿನ ಸರಳು ಹಿಡಿದು ನಿಂತರೆ, ಒಬ್ಬಳ ಅಮ್ಮ ಬಂದ ಕೂಡಲೇ ಉಳಿದವರೆಲ್ಲ ರಾಗ ತೆಗೆಯುತ್ತಾರೆ. ಅದಕ್ಕೆ ಅತ್ತೆ ತಮ್ಮದೇ ಒಂದು ದಾರಿ ಕಂಡುಕೊಂಡಿದ್ದರು. ಗಿಡ್ಡ ಸ್ಟೂಲುಗಳನ್ನು ಗೇಟಿಗೆ ಬೆನ್ನು ಮಾಡಿ ಸಾಲಾಗಿ ಹಾಕಿ ಮಕ್ಕಳನ್ನು ಕೂರಿಸುತ್ತಿದ್ದರು. ತಾವು ಅವರ ಎದುರಿನ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಮಕ್ಕಳಿಗೆ ಗೇಟು ಕಾಣುತ್ತಿರಲಿಲ್ಲ, ಅತ್ತೆಯ ಮುಖ ಕಾಣುತ್ತಿತ್ತು. ರಸ್ತೆಯ ತಿರುವಿನಲ್ಲಿ ಯಾರದಾದರೂ ಅಪ್ಪನೋ ಅಮ್ಮನೋ ಕಂಡರೆ ಅತ್ತೆ ಆ ಮಗುವಿನ ಕಡೆ ನೋಡಿ ಎರಡೂ ಹುಬ್ಬು ಮೇಲಕ್ಕೆತ್ತುತ್ತಿದ್ದರು. ಮಗು ಸ್ಟೂಲಿನಿಂದ ಜಿಗಿದು ಓಡುತ್ತಿತ್ತು. ಒಂದೇ ಹುಬ್ಬು ಎತ್ತಿದರೆ ಅದು ತಮಾಷೆ, ಎರಡೂ ಎದ್ದರೆ ನಿಜ. ಈ ಲೆಕ್ಕ ಮಾತು ಬಾರದ ಮಕ್ಕಳಿಗೂ ತಿಳಿದಿತ್ತು. ತಮ್ಮ ಸರದಿ ಬರುವವರೆಗೆ ಅತ್ತೆ ಕೆನ್ನೆ ಉಬ್ಬಿಸುವುದನ್ನೂ ಕಣ್ಣು ಹೊರಳಿಸುವುದನ್ನೂ ನೋಡುತ್ತ ನಗುತ್ತ ಕೂತಿರುತ್ತಿದ್ದರು.

ಅಡುಗೆಮನೆ ಕಿಟಕಿಯಿಂದ ಇದನ್ನು ಮೊದಲ ಸಲ ನೋಡಿದ ದಿನ ನನಗೆ ಖುಷಿಯಾಗಲಿಲ್ಲ, ಹೊಟ್ಟೆ ಉರಿಯಿತು. ಇಷ್ಟು ಬಗೆಯ ಮುಖ ಇಟ್ಟುಕೊಂಡು ಮನೆಗೆ ಆ ಒಂದನ್ನೇ ಹೊತ್ತು ತರುತ್ತಾರಲ್ಲ ಅನ್ನಿಸಿತು. ದಾರಿಯಲ್ಲಿ ಹೇಳಿಯೂ ಬಿಟ್ಟೆ. "ಅತ್ತೆ, ಅಲ್ಲಿ ಮಾಡೋದ್ರಲ್ಲಿ ಒಂದು ಚೂರು ಮನೇಲೂ ಮಾಡಬಾರದಾ?" ಅಂದೆ. ಅವರು ಹಣೆ ಸುಕ್ಕು ಮಾಡಿ, "ಮನೇಲಿ ಯಾರು ಅಳ್ತಾ ಕೂತಿದಾರೆ?" ಅಂದರು.

ಹೋದ ವರ್ಷ ಮೇಡಂ ಹೊಸ ಕ್ರಮ ತಂದರು. ಮೇಡಂ ಅಂದರೆ ಮಕ್ಕಳ ಮನೆ ನಡೆಸುವವರು. ಪ್ರತಿ ಮಗುವಿಗೂ ಒಂದು ಕಾರ್ಡು, ಕಾರ್ಡಿನ ಮೇಲೆ ಕರೆದುಕೊಂಡು ಹೋಗಲು ಬರುವವರ ಫೋಟೊ. ಫೋಟೊಗಳನ್ನು ತಂದೆತಾಯಿಗಳೇ ತಮ್ಮ ತಮ್ಮ ಫೋನಿನಿಂದ ಕಳಿಸಿದ್ದರು. ಕಾರ್ಡು ಬಂದ ದಿನ ಅತ್ತೆ ಅವನ್ನೆಲ್ಲ ಜಗಲಿಯ ಮೇಲೆ ಹರಡಿಕೊಂಡು ಕೂತು ನನ್ನನ್ನು ಕರೆದರು.

"ಇವರೆಲ್ಲ ಯಾರಮ್ಮ?"

"ನಮ್ಮ ಮಕ್ಕಳ ಅಪ್ಪ ಅಮ್ಮಂದಿರೇ ಅತ್ತೆ."

"ಇವರ್ಯಾರೂ ನಮ್ಮ ಗೇಟಿಗೆ ಬರಲ್ಲ."

ನಾನೂ ಬಗ್ಗಿ ನೋಡಿದೆ. ಎಲ್ಲರ ಕೆನ್ನೆಯೂ ಸಿಪ್ಪೆ ಸುಲಿದ ಮೊಟ್ಟೆಯಂತಿತ್ತು. ಎಲ್ಲರ ಕಣ್ಣೂ ಒಂದೇ ಅಳತೆಗೆ ದೊಡ್ಡದಾಗಿತ್ತು. ಹಣೆಯಲ್ಲಿ ಸುಟ್ಟ ಕಲೆ ಇರುವ ಬೇಕರಿಯವನ ಕಾರ್ಡಿನಲ್ಲಿ ಕಲೆಯೇ ಮಾಯ. ಇನ್ನೊಬ್ಬಳು ತಲೆಯ ಮೇಲೆ ಬೆಕ್ಕಿನ ಕಿವಿ ಇಟ್ಟುಕೊಂಡು ಕೂತಿದ್ದಳು. "ಎಲ್ಲ ಒಂದೇ ತಾಯಿ ಮಕ್ಕಳ ಹಾಗಿದಾರೆ" ಅಂತ ಅತ್ತೆ ಕಾರ್ಡುಗಳನ್ನು ಜೋಡಿಸಿ ರಬ್ಬರ್ ಬ್ಯಾಂಡು ಹಾಕಿ ಮೇಜಿನ ಡ್ರಾಯರಿನಲ್ಲಿಟ್ಟರು. ಅಲ್ಲಿಂದ ಮುಂದೆಯೂ ತಾವು ಕಂಡ ಮುಖವನ್ನೇ ನಂಬಿ ಮಕ್ಕಳನ್ನು ಕಳಿಸುತ್ತಿದ್ದರು. ಯಾರಿಗೂ ತೊಂದರೆ ಆಗಲಿಲ್ಲ.

ತೊಂದರೆ ಆದದ್ದು ಗುಬ್ಬಿಯ ವಿಷಯದಲ್ಲಿ. ಸಣ್ಣಗೆ, ಚುರುಕಾಗಿ ಇದ್ದದ್ದಕ್ಕೆ ಆ ಹುಡುಗಿಗೆ ನಾವಿಟ್ಟ ಹೆಸರು ಅದು. ಅವಳ ತಾಯಿ ಹಗಲು ಔಷಧಿ ಅಂಗಡಿಯಲ್ಲಿ ಬಿಲ್ಲು ಹಾಕುವವಳು. ಮನೆಗೆ ಹೋದ ಮೇಲೆ ಗುಂಡನೆಯ ದೀಪದ ಮುಂದೆ ಕೂತು, ಮುಖಕ್ಕೆ ಹಚ್ಚುವ ಕ್ರೀಮು ಪೌಡರುಗಳನ್ನು ಫೋನಿನಲ್ಲಿ ತೋರಿಸಿ ಮಾರುತ್ತಿದ್ದಳು. ಅವಳ ವಿಡಿಯೋ ನೋಡುವವರು ಬಹಳ ಜನ, ನಮ್ಮ ಮೇಡಂ ಕೂಡ ಅವರಲ್ಲೊಬ್ಬರು. ಅತ್ತೆ ಆ ವಿಡಿಯೋ ಒಂದನ್ನೂ ಕಂಡವರಲ್ಲ. ಅವರು ಕಂಡಿದ್ದು ಸಂಜೆ ಗೇಟಿಗೆ ಬರುವವಳನ್ನು. ಕೂದಲು ಎತ್ತಿ ಕ್ಲಿಪ್ಪು ಸಿಕ್ಕಿಸಿರುತ್ತಿದ್ದಳು, ಕಣ್ಣಿನ ಕೆಳಗೆ ಕಪ್ಪು, ಒಣಗಿದ ತುಟಿ, ಹೆಗಲಿನಿಂದ ಜಾರುವ ಚೀಲ. ಕಿವಿಯಲ್ಲಿ ಸದಾ ಫೋನಿನ ತಂತಿ. ಮಾತಾಡುವುದು ಅಷ್ಟಕ್ಕಷ್ಟೆ, ತಲೆ ಆಡಿಸಿ ಮಗಳ ಕೈ ಹಿಡಿದು ಹೊರಟುಬಿಡುತ್ತಿದ್ದಳು. "ಪಾಪ, ಆ ಹುಡುಗೀದು ನಿದ್ದೆ ಕಾಣದ ಮುಖ" ಅಂತ ಅತ್ತೆ ಒಂದೆರಡು ಸಲ ಹೇಳಿದ್ದುಂಟು.

ಆ ಸಂಜೆ ಜಗಲಿಯಲ್ಲಿ ಗುಬ್ಬಿಯೂ ಇನ್ನೊಂದೆರಡು ಮಕ್ಕಳೂ ಉಳಿದಿದ್ದರು. ನಾನು ಕಿಟಕಿಯ ಹತ್ತಿರ ಬಾಟಲಿ ಉಜ್ಜುತ್ತಿದ್ದೆ. ಗೇಟಿನ ಮುಂದೆ ಬಾಡಿಗೆ ಕಾರು ನಿಂತಿತು. ಇಳಿದವಳ ಕೂದಲು ಬೆನ್ನ ತುಂಬ ಹರಡಿತ್ತು. ಹುಬ್ಬು ಬರೆದದ್ದು, ರೆಪ್ಪೆ ಅಂಟಿಸಿದ್ದು, ಕಣ್ಣಿನ ಬಣ್ಣವೂ ಬೇರೆ. ಯಾವುದೋ ಕ್ರೀಮಿನವರು ಅವಳನ್ನು ಕರೆಸಿಕೊಂಡು ಜಾಹೀರಾತಿಗೆ ವಿಡಿಯೋ ಮಾಡಿದ್ದರಂತೆ, ಅಲ್ಲಿಂದ ನೇರವಾಗಿ ಬಂದಿದ್ದಳಂತೆ. ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಆ ಕ್ಷಣದಲ್ಲಿ ಅತ್ತೆಯ ಹುಬ್ಬು ಏಳಲಿಲ್ಲ.

"ಯಾರು ಬೇಕಾಗಿತ್ತಮ್ಮ?" ಅಂದರು ಅತ್ತೆ.

"ಏನಜ್ಜಿ, ತಮಾಷೆ ಮಾಡ್ತೀರಾ? ಮಗಳನ್ನ ಕಳಿಸಿ."

"ಯಾರ ಮಗಳು?"

"ನನ್ನ ಮಗಳು. ಅಲ್ಲೇ ಕೂತಿದಾಳಲ್ಲ."

ಗುಬ್ಬಿ ದನಿ ಕೇಳಿ ಎದ್ದು ತಿರುಗಿ ನೋಡಿದಳು. ನೋಡಿ, ದಿನವೂ ಮಾಡುವುದನ್ನೇ ಮಾಡಿದಳು. ಅತ್ತೆಯ ಮುಖದ ಕಡೆ ತಿರುಗಿದಳು. ಅಲ್ಲಿ ಎರಡೂ ಹುಬ್ಬು ಇದ್ದ ಹಾಗೇ ಇದ್ದವು. ಅವಳು ಎದ್ದವಳು ಮತ್ತೆ ಸ್ಟೂಲಿನ ಮೇಲೆ ಕೂತಳು, ಮಂಡಿಯ ಮೇಲೆ ಕೈ ಇಟ್ಟುಕೊಂಡಳು. ಇದನ್ನು ಗೇಟಿನ ಹೊರಗಿದ್ದ ತಾಯಿಯೂ ನೋಡಿದಳು.

"ಕಾರ್ಡ್ ತೆಗೆದು ನೋಡಿ" ಅಂದಳು.

ಅತ್ತೆ ಡ್ರಾಯರು ಎಳೆದು ಕಾರ್ಡು ಹುಡುಕಿ ದೂರ ಹಿಡಿದು ನೋಡಿದರು. ಕಾರ್ಡಿನ ಮುಖವೂ ಗೇಟಿನ ಮುಖವೂ ಒಂದೇ. ಇನ್ನೊಬ್ಬರಾಗಿದ್ದರೆ ಅಲ್ಲಿಗೆ ಚಿಲಕ ತೆಗೆಯುತ್ತಿದ್ದರು. ಅತ್ತೆಗೆ ಅದೇ ಅನುಮಾನಕ್ಕೆ ಕಾರಣವಾಯಿತು.

"ಕಾರ್ಡಿನಲ್ಲಿರೋಳು ನೀನೇ ಇರಬಹುದು ತಾಯಿ" ಅಂದರು. "ಆದರೆ ದಿನಾ ಬರೋ ಗುಬ್ಬಿ ಅಮ್ಮ ನಿನ್ನ ಹಾಗಿಲ್ಲ. ಸ್ವಲ್ಪ ನಿಲ್ಲು, ಮೇಡಂನ ಕರೀತೀನಿ."

ಆ ಮಾತು ಅವಳಿಗೆ ಮುಖಕ್ಕೆ ಹೊಡೆದ ಹಾಗಾಗಿರಬೇಕು. ಫೋನು ಎತ್ತಿದಳು. "ನೋಡಿ ಎಲ್ಲರೂ, ಹೆತ್ತ ತಾಯಿಗೆ ಮಗು ಕೊಡಲ್ಲ ಅಂತಿದಾರೆ" ಅಂತ ಸರಳಿನ ನಡುವೆ ಫೋನು ತೂರಿಸಿ ಮಕ್ಕಳ ಕಡೆ ಹಿಡಿದಳು. ಮಕ್ಕಳು ಬೆದರಿ ಅಳಲು ಶುರು ಮಾಡಿದರು. ಅತ್ತೆ ಕೈ ಚಾಚಿ ನುಗ್ಗಿ, "ಮಕ್ಕಳ ಮುಂದೆ ಬೇಡ, ಕೆಳಗಿಡು ಅದನ್ನ" ಅಂತ ಕೂಗಿದರು. ಈಗ ಊರೆಲ್ಲ ನೋಡಿರುವ ಮುಖ ಆ ಒಂದು ಕೂಗಿನದು.

ಗಲಾಟೆಗೆ ಮೇಡಂ ಓಡಿ ಬಂದರು. ಅವರಿಗೆ ಒಂದೇ ನೋಟಕ್ಕೆ ಗುರುತು ಸಿಕ್ಕಿತು. ಅವರು ಗುಬ್ಬಿಯ ತಾಯಿಯನ್ನು ಬಲ್ಲದ್ದೇ ಆ ಮುಖದಲ್ಲಿ. "ಬನ್ನಿ ಬನ್ನಿ" ಅಂತ ತಾವೇ ಚಿಲಕ ತೆಗೆದರು. ಅತ್ತೆ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿ, "ಗುರುತು ಸಿಗಲಿಲ್ಲ ತಾಯಿ, ತಪ್ಪಾಯ್ತು" ಅಂದರು. ತಪ್ಪು ಅವರದೇ, ಇಲ್ಲ ಅನ್ನುವುದಿಲ್ಲ. ಆದರೆ ಕಿಟಕಿಯಲ್ಲಿ ನಿಂತಿದ್ದ ನನಗೂ ಗುರುತು ಸಿಕ್ಕಿರಲಿಲ್ಲ. ತಪ್ಪಾಯ್ತು ಅಂದಾಗಿನ ಮುಖವನ್ನು ಯಾರೂ ಹಿಡಿಯಲಿಲ್ಲ, ಅಷ್ಟು ಹೊತ್ತಿಗೆ ಫೋನು ಚೀಲ ಸೇರಿತ್ತು.

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ವಿಡಿಯೋ ಎಲ್ಲೆಲ್ಲೂ ಹರಡಿತ್ತು. ಯಾರೋ ಅದರಿಂದ ಆ ಒಂದು ಚಿತ್ರ ಕತ್ತರಿಸಿ ಬೇರೆಯಾಗಿ ಹಾಕಿದರು. ಕೆಳಗೆ ಬಂದ ಮಾತುಗಳನ್ನು ನಾನು ಓದಿದೆ, ಓದಬಾರದಿತ್ತು. ರಾಕ್ಷಸಿ ಅಂದರು. ಈ ಮುಖ ಕಂಡರೆ ನಮಗೇ ಜ್ವರ ಬರುತ್ತದೆ, ಮಕ್ಕಳ ಗತಿ ಏನು ಅಂದರು. ಮುಖದಲ್ಲೇ ಕ್ರೌರ್ಯ ಎದ್ದು ಕಾಣುತ್ತದೆ ಅಂತ ಒಬ್ಬ ದೊಡ್ಡ ವಿಶ್ಲೇಷಣೆಯನ್ನೇ ಬರೆದಿದ್ದ. ಅವನ ಸ್ವಂತ ಫೋಟೊ ನೋಡಿದೆ, ಬಣ್ಣದ ಕನ್ನಡಕ ಹಾಕಿಕೊಂಡು ಯಾರದೋ ಕಾರಿಗೆ ಒರಗಿ ನಿಂತಿದ್ದ. ನನಗೆ ತಲೆ ಕೆಟ್ಟುಹೋಯಿತು. ಆ ಮುಖದ ಮೇಲೆ ನನಗಿರುವಷ್ಟು ಸಿಟ್ಟು ಇವರಲ್ಲಿ ಯಾರಿಗಿದೆ? ನಾನೇ ಹೇಳುತ್ತಿದ್ದೇನೆ, ಅದು ನಮ್ಮತ್ತೆಯ ಮುಖ ಅಲ್ಲ. ಅವರು ನನ್ನ ಮೇಲೆ ಎಷ್ಟು ಸಿಡುಕಿದ ದಿನವೂ ಹಾಗೆ ಕಂಡಿಲ್ಲ.

ಹಾಗಾದರೆ ಅವರ ಮುಖ ಯಾವುದು ಅಂತ ತೋರಿಸೋಣ ಅಂದುಕೊಂಡೆ. ಮಕ್ಕಳ ಮನೆಗೂ ಒಂದು ಪೇಜು ಇದೆ, ಅದರಲ್ಲಿ ಗೇಟಿನ ಮುಂದೆ ತೆಗೆದ ಫೋಟೊಗಳಿಗೆ ಬರವಿಲ್ಲ. ಮೊದಲ ದಿನ ಬಂದ ಮಗು, ಕೊಡೆ ಹಿಡಿದ ಮಗು, ಕೊನೆಯ ದಿನ ಅಳುವ ಮಗು. ನಾನು ಹಾಲಿನ ಪಾತ್ರೆ ಒಲೆಯ ಮೇಲಿಟ್ಟು ಒಂದೊಂದಾಗಿ ಸರಿಸುತ್ತ ಹೋದೆ. ಕೆಲವದರಲ್ಲಿ ಅತ್ತೆ ಚೂರುಚೂರಾಗಿ ಇದ್ದರು. ಮಗುವಿನ ಹೆಗಲ ಮೇಲೆ ಒಂದು ಕೈ, ಅಂಚಿನಲ್ಲಿ ಅವರ ಕೆಲಸದ ನೀಲಿ ಕೋಟಿನ ತೋಳು, ಒಂದರಲ್ಲಿ ಚಪ್ಪಲಿ ಹಾಕಿದ ಕಾಲು. ಮುಖ ಒಂದರಲ್ಲೂ ಇಲ್ಲ. ಉಳಿದವನ್ನು ತೆಗೆಯುವಾಗ, ಮಗು ಕ್ಯಾಮೆರಾ ನೋಡಲಿ ಅಂತ ಅವರು ಫೋಟೊ ತೆಗೆಯುವವರ ಪಕ್ಕವೇ ನಿಂತು ಹುಬ್ಬು ಕುಣಿಸುತ್ತಿದ್ದರು. ಮಕ್ಕಳೆಲ್ಲ ಅವರನ್ನು ನೋಡಿ ನಗುತ್ತಿದ್ದಾರೆ, ಅವರೇ ಇಲ್ಲ. ಹಾಲು ಉಕ್ಕಿ ಒಲೆಯೆಲ್ಲ ಚೆಲ್ಲಿತು.

ಮನೆಯಲ್ಲಿ ನನ್ನ ಗಂಡನ ಫೋನಿನಲ್ಲೂ ಹುಡುಕಿದೆ. ಟೈರಿನ ಫೋಟೊ, ಲಾರಿಯ ಫೋಟೊ, ಬಿಲ್ಲಿನ ಫೋಟೊ. ಹೆತ್ತ ತಾಯಿಯದು ಒಂದಿಲ್ಲ. "ದಿನಾ ಎದುರಿಗೇ ಇರ್ತಾರಲ್ಲ, ಫೋಟೊ ಯಾಕೆ?" ಅಂದರು. ಸಿಟ್ಟು ಬಂತು, ಆದರೆ ನನ್ನ ಫೋನಿನಲ್ಲೂ ಇರಲಿಲ್ಲ. ಈ ಲೋಕದಲ್ಲಿ ನಮ್ಮತ್ತೆಯದು ಅಂತ ಇರುವ ಫೋಟೊ ಅದೊಂದೇ ಆಗಿಹೋಗಿತ್ತು.

ಆ ವಾರವೇ ಮೇಡಂ ಅತ್ತೆಯನ್ನೂ ನನ್ನನ್ನೂ ಕರೆಸಿದರು. ಕೆಟ್ಟವರಲ್ಲ ಮೇಡಂ, ಹೆದರಿದ್ದರು. ಹೊಸದಾಗಿ ಸೇರಿಸಲು ಬಂದವರು ಗೇಟಿನಲ್ಲಿ ಅತ್ತೆಯನ್ನು ಕಂಡು ಹಾಗೇ ವಾಪಸು ಹೋಗುತ್ತಿದ್ದರು.

"ಅಜ್ಜಿ, ನಿಮ್ಮನ್ನ ಬಿಡಿಸಲ್ಲ. ಹಿಂದೆ ಬಟ್ಟೆ ಒಗೆಯೋ ಕಡೆ ಹಾಕ್ತೀನಿ, ಸಂಬಳ ಅದೇ" ಅಂದರು.

ಅತ್ತೆ ನೆಲ ನೋಡುತ್ತ ನಿಂತರು. ಅವರು ಯಾರ ಮುಂದೆಯೂ ಅಂಗಲಾಚಿದ್ದನ್ನು ನಾನು ಕಂಡಿರಲಿಲ್ಲ. "ಗೇಟಿನ ಕೆಲಸ ಒಂದು ತೆಗೀಬೇಡಿ ಮೇಡಂ. ಮಕ್ಕಳು ರೂಢಿ ಆಗಿದಾವೆ" ಅಂದರು. ದನಿ ಅವರದಲ್ಲದ ಹಾಗೆ ಸಣ್ಣಗಿತ್ತು.

ಆಗ ಪೇಜು ನೋಡಿಕೊಳ್ಳುವ ಟೀಚರು ಒಂದು ಉಪಾಯ ಹೇಳಿದಳು. ಅಜ್ಜಿ ನಗುನಗುತ್ತ ಮಕ್ಕಳನ್ನು ಬರಮಾಡಿಕೊಳ್ಳುವ ವಿಡಿಯೋ ಮಾಡಿ ಹಾಕೋಣ, ಜನ ಅದನ್ನು ಮರೆತು ಇದನ್ನು ನೋಡುತ್ತಾರೆ. ಒಂದು ಬೆಳಿಗ್ಗೆ ಪೂರ್ತಿ ಅದೇ ಕೆಲಸ ಆಯಿತು. "ಅಜ್ಜಿ, ಹಲ್ಲು ಕಾಣಲಿ. ಅಷ್ಟು ಅಲ್ಲ. ಕಣ್ಣಲ್ಲೂ ನಗಿ. ಹುಬ್ಬು ಅಲ್ಲಾಡಿಸ್ಬೇಡಿ, ಹಣೆ ಸುಕ್ಕು ಬರುತ್ತೆ." ಅತ್ತೆ ಬೆವರುತ್ತಿದ್ದರು. ಹೇಗೋ ಮುಗಿಯಿತು. ಟೀಚರು ಫೋನಿನಲ್ಲಿ ಅದೇನೋ ಒತ್ತಿದಳು, ಮುಖದ ಸುಕ್ಕೆಲ್ಲ ಇಸ್ತ್ರಿ ಹಾಕಿದಂತೆ ಹೋಯಿತು, ಹಲ್ಲು ಬೆಳ್ಳಗಾಯಿತು. ಸಂಜೆ ಗಂಡನಿಗೆ ತೋರಿಸಿದರೆ, "ಇದ್ಯಾರು, ಚಿಕ್ಕಮ್ಮನಾ?" ಅಂದರು. ಪಕ್ಕದಲ್ಲೇ ಕೂತಿದ್ದ ಅತ್ತೆ ಎದ್ದು ಒಳಗೆ ಹೋದರು.

ಜನ ಮೆಚ್ಚಿದರು, ಅದೇ ನನಗೆ ಇನ್ನೂ ತಡೆಯಲಾಗದ್ದು. ರಾಕ್ಷಸಿ ಅಂದವರೇ ದೇವತೆ ಅಂದರು. ಅತ್ತೆಗೆ ಗೇಟು ಉಳಿಯಿತು. ಆದರೆ ಮೇಡಂ ಒಂದು ಷರತ್ತು ಹಾಕಿದರು. ಗೇಟಿನಲ್ಲಿ ನಿಂತಷ್ಟು ಹೊತ್ತೂ ಆ ವಿಡಿಯೋದ ನಗು ಇರಬೇಕು. ಯಾರು ಯಾವಾಗ ಫೋನು ಎತ್ತುತ್ತಾರೋ ಹೇಳಲಾಗದು. ಅತ್ತೆ ಒಪ್ಪಿಕೊಂಡರು, ಒಪ್ಪಿಕೊಂಡದ್ದನ್ನು ಮಾಡಿಯೂ ಮಾಡಿದರು. ಗೋಡೆಗೆ ಒರಗಿ ಹಲ್ಲು ಕಾಣುವಂತೆ ತುಟಿ ಎಳೆದು ಕದಲದೆ ನಿಲ್ಲುತ್ತಿದ್ದರು. ಸಂಜೆ ಮನೆಗೆ ಬಂದು ದವಡೆ ನೀವಿಕೊಳ್ಳುತ್ತಿದ್ದರು.

ಮಕ್ಕಳಿಗೆ ದಿಕ್ಕು ತಪ್ಪಿತು. ಅಮ್ಮ ಬಂದರೂ ಅದೇ ನಗು, ಬರದಿದ್ದರೂ ಅದೇ ನಗು. ಹುಬ್ಬು ಏಳುವ ಹಾಗಿಲ್ಲ. ಒಂದು ಮಗು ಸುಮ್ಮಸುಮ್ಮನೆ ಎದ್ದು ಓಡಿ ಗೇಟಿಗೆ ಹಣೆ ಬಡಿದುಕೊಂಡಿತು. ಇನ್ನೊಂದು ಅಪ್ಪ ಬಂದು ಕರೆಯುತ್ತಿದ್ದರೂ ಅತ್ತೆಯ ಮುಖ ನೋಡುತ್ತ ಕೂತೇ ಇತ್ತು. ಗುಬ್ಬಿ ಎಲ್ಲರಿಗಿಂತ ಮೊದಲು ತನ್ನ ಸ್ಟೂಲನ್ನು ಗೇಟಿನ ಕಡೆ ತಿರುಗಿಸಿಕೊಂಡಳು. ಉಳಿದವರೂ ತಿರುಗಿಸಿಕೊಂಡರು. ಮತ್ತೆ ಸರಳು ಹಿಡಿದು ನಿಲ್ಲುವುದು, ಬೇರೆಯವರ ಅಮ್ಮನನ್ನು ಕಂಡು ಅಳುವುದು, ಎಲ್ಲ ಶುರುವಾಯಿತು. ಬಾಟಲಿ ಉಜ್ಜುತ್ತ ಅದನ್ನು ನೋಡುವಾಗ ನನಗೆ ಕೈಗೆ ಸಿಕ್ಕಿದ್ದನ್ನು ಎತ್ತಿ ಬಿಸಾಡಬೇಕು ಅನ್ನಿಸುತ್ತಿತ್ತು. ಮೇಡಂ ಹತ್ತಿರ ಹೇಳಿದೆ. "ಪೇಜಿನಲ್ಲಿ ಎಲ್ಲ ಸರಿಹೋಗಿದೆಯಲ್ಲಮ್ಮ, ಮತ್ತೆ ಯಾಕೆ ಕೆದಕೋದು?" ಅಂದರು.

ಒಂದು ಸಂಜೆ ಗುಬ್ಬಿಯ ತಾಯಿಯನ್ನು ಗೇಟಿನ ಹೊರಗೆ ತಡೆದು ನಿಲ್ಲಿಸಿದೆ. ಬಾಯಿಗೆ ಬಂದದ್ದು ಅಂದುಬಿಡಬೇಕು ಅಂತಲೇ ಹೋಗಿದ್ದೆ. ಅವಳು ಈಗ ದಿನವೂ ಪೂರ್ತಿ ಬಣ್ಣ ಹಚ್ಚಿಕೊಂಡೇ ಬರುತ್ತಿದ್ದಳು.

"ವಿಡಿಯೋ ತೆಗೆದುಹಾಕಿ ಅಂತ ಹೇಳೋಕೆ ಬಂದ್ರಾ?" ಅಂದಳು. "ನಂದು ಅವತ್ತೇ ತೆಗೆದೆ. ಬೇರೆಯವರು ಹಾಕಿಕೊಂಡಿದ್ದು ನನ್ನ ಕೈಯಲ್ಲಿಲ್ಲ."

"ನಮ್ಮತ್ತೆ ಬೇಕಂತ ಮಾಡಿದ್ದಲ್ಲ ಅಂತ ನಿಮಗೆ ಗೊತ್ತಿತ್ತು."

"ಅವರ ಮೇಲೆ ಸಿಟ್ಟು ಬಂದಿದ್ದೇ ಅಲ್ಲಾರೀ. ನನ್ನ ಮಗಳು ನನ್ನ ನೋಡಿ ವಾಪಸ್ಸು ಕೂತುಬಿಟ್ಟಳಲ್ಲ." ಅವಳು ಚೀಲ ಹೆಗಲಿಗೆ ಏರಿಸಿಕೊಂಡಳು. "ಈಗ ಸುಮ್ಮನೆ ಮುಖ ತೊಳ್ಕೊಂಡು ಬಂದ್ರೆ ಜನ ಗುರುತು ಹಿಡೀತಾರೆ. ಅಯ್ಯೋ, ನಿಜವಾಗಿ ಹೀಗಾ ಇರೋದು ಅಂತಾರೆ. ಅದಕ್ಕೆ ಅಂಗಡಿ ಬಚ್ಚಲಿನಲ್ಲೇ ನಿಂತು ಎಲ್ಲ ಹಚ್ಕೊಂಡು ಬರ್ತೀನಿ."

ರೆಪ್ಪೆಯ ಒಂದು ತುದಿ ಅಂಟು ಬಿಟ್ಟು ಎದ್ದಿತ್ತು. ಬೈಯಲು ಹೋದವಳು ಅದನ್ನು ಹೇಳಿ ವಾಪಸು ಬಂದೆ. ಬೈಯಲು ಸರಿಯಾದ ಮನುಷ್ಯರೇ ಸಿಗುತ್ತಿರಲಿಲ್ಲ, ಅದು ನನ್ನನ್ನು ಇನ್ನಷ್ಟು ಕೆರಳಿಸಿತು.

ಕೊನೆಗೆ ಬೇಕರಿಯವನ ಮಗ ಜಗಲಿಯ ಮೆಟ್ಟಿಲಲ್ಲಿ ಮುಗ್ಗರಿಸಿ ಬಿದ್ದ. ತುಟಿ ಒಡೆದು ರಕ್ತ ಬಂತು. ಅತ್ತೆ ಎಲ್ಲರಿಗಿಂತ ಮುಂಚೆ ಓಡಿ ಎತ್ತಿಕೊಂಡರು, ತಮ್ಮ ಕೋಟಿನ ತುದಿಯಿಂದ ಒತ್ತಿ ಹಿಡಿದರು. ಗೇಟಿನಲ್ಲಿ ನಿಂತಿದ್ದ ಯಾರದೋ ಅಪ್ಪ, "ಮಗು ರಕ್ತ ಸುರಿಸ್ತಾ ಇದೆ, ಇವರು ನಗ್ತಾ ಇದಾರಲ್ರೀ" ಅಂದ. ನಾನು ಕಿಟಕಿಯಿಂದ ನೋಡಿದೆ. ಅವನು ಹೇಳಿದ್ದು ಸುಳ್ಳಲ್ಲ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. ಮಗು ಆ ಮುಖ ನೋಡಿ ಇನ್ನೂ ಜೋರಾಗಿ ಕಿರುಚಿ ಮೈ ಹಿಂದಕ್ಕೆಳೆದುಕೊಂಡಿತು.

ಅತ್ತೆ ಮಗುವನ್ನು ನನ್ನ ಕೈಗೆ ಕೊಟ್ಟು ನೇರವಾಗಿ ಮೇಡಂ ಕೋಣೆಗೆ ಹೋದರು. ನಾನು ಮಗುವಿನ ತುಟಿಗೆ ಮಂಜುಗಡ್ಡೆ ಇಡುತ್ತ ಬಾಗಿಲಿನಲ್ಲಿ ನಿಂತು ಕೇಳಿಸಿಕೊಂಡೆ.

"ನನ್ನನ್ನ ಬಟ್ಟೆ ಒಗೆಯೋ ಕಡೇನೇ ಹಾಕಿ ಮೇಡಂ. ಅಲ್ಲಿ ಮುಖ ಬೇಕಾಗಲ್ಲ."

ಗೇಟಿಗೆ ಈಗ ಬೇರೆಯವಳು ಬಂದಿದ್ದಾಳೆ. ಚೆಂದದ ಹುಡುಗಿ, ಫೋಟೊದಲ್ಲಿ ಚೆನ್ನಾಗಿ ಬರುತ್ತಾಳೆ. ಕಾರ್ಡು ನೋಡಿ ಮಗು ಕೊಡುತ್ತಾಳೆ, ಬಂದವರ ಮುಖ ಕಾರ್ಡಿಗೆ ಹೊಂದದಿದ್ದರೆ ನಿಮ್ಮ ಫೋನಿನಲ್ಲಿ ನಿಮ್ಮ ವಿಡಿಯೋ ತೋರಿಸಿ ಅನ್ನುತ್ತಾಳೆ. ಮಕ್ಕಳು ಅಳುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ಅತ್ತೆ ಹಿಂದಿನ ಕೋಣೆಯಲ್ಲಿ ಪುಟ್ಟ ಪುಟ್ಟ ಹಾಸಿಗೆ ಬಟ್ಟೆಗಳನ್ನು ಒಗೆದು ಮಡಿಸಿಡುತ್ತಾರೆ. ಹೊಸದಾಗಿ ಸೇರಿದ ಮಕ್ಕಳಿಗೆ ಅಲ್ಲೊಬ್ಬರು ಇದ್ದಾರೆಂದು ಗೊತ್ತಿಲ್ಲ.

ಇಷ್ಟಕ್ಕೆ ಮುಗಿಯಿತು, ಇನ್ನು ಮನೆಯಲ್ಲಾದರೂ ಹಳೆಯದೆಲ್ಲ ಹಳೆಯ ಹಾಗೆ ಆಗುತ್ತದೆ ಅಂದುಕೊಂಡೆ. ಮೊನ್ನೆ ಸಂಜೆ ಅಡುಗೆಗೆ ಎರಡು ಸಲ ಉಪ್ಪು ಬಿದ್ದಿತ್ತು. ನನ್ನ ಗಂಡ ಒಂದು ತುತ್ತು ಬಾಯಿಗಿಟ್ಟು ನೀರು ಕುಡಿದು ತಟ್ಟೆ ಸರಿಸಿದರು. ಅತ್ತೆ ಉಣ್ಣುತ್ತಲೇ ಇದ್ದರು. ನಾನು ಅವರ ಹಣೆ ನೋಡಿದೆ, ತುಟಿ ನೋಡಿದೆ, ಮೂಗಿನ ಹೊಳ್ಳೆ ನೋಡಿದೆ. ಏನೂ ಇಲ್ಲ. ತಲೆ ಎತ್ತಿದರು. ಅದೇ ನಗು, ಟೀಚರು ಹೇಳಿಕೊಟ್ಟದ್ದು, ಹಲ್ಲು ಇಷ್ಟು ಕಾಣಬೇಕು, ಹುಬ್ಬು ಅಲ್ಲಾಡಬಾರದು.

"ಉಪ್ಪು ಜಾಸ್ತಿ ಆಗಿದೆ ಅತ್ತೆ" ಅಂದೆ.

"ಇರಲಿ ಬಿಡು."

"ಇರಲಿ ಯಾಕೆ? ಬಾಯಿಗಿಡೋಕಾಗ್ತಿಲ್ಲ. ಬೈದುಬಿಡಿ ನನ್ನ. ಮೊದಲಿನ ಹಾಗೆ ಮುಖ ಆದ್ರೂ ಮಾಡಿ. ನನ್ನ ಮುಂದೆ ಹೀಗೆ ನಗಬೇಡಿ ಅತ್ತೆ, ನನಗೆ ನೋಡಕ್ಕಾಗ್ತಿಲ್ಲ."

ನನ್ನ ದನಿ ಏರಿತ್ತು, ಗಂಡ ಕೈ ತೊಳೆಯುತ್ತಿದ್ದವರು ಬಂದು ಬಾಗಿಲಲ್ಲಿ ನಿಂತರು. ಅತ್ತೆ ನನ್ನನ್ನೇ ನೋಡಿದರು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಎಡಗೈ ಎತ್ತಿ ಕೆನ್ನೆ ಮುಟ್ಟಿಕೊಂಡರು, ಆಮೇಲೆ ಬೆರಳಿನಿಂದ ತುಟಿಯ ತುದಿಯನ್ನು ತಡವಿ ನೋಡಿದರು.

"ನಾನು ಈಗ ನಗ್ತಾ ಇದೀನಾ?" ಎಂದು ಮಗನನ್ನು ಕೇಳಿದರು.